ಖತೀಜಮ್ಮನಿಗೆ ಹತ್ತಲಾಗುವ ಬಂಡೆ

ವಾರಕ್ಕೆ ಆರು ದಿನ ಊರವರ ಹಲ್ಲುನೋವು ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿರುತ್ತದೆ. ಅಬುಧಾಬಿಯ ಖಾಲಿದಿಯಾ ಬಡಾವಣೆಯ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ನಾನು ರಿಸೆಪ್ಶನಿಸ್ಟ್. ಇನ್ಶೂರೆನ್ಸ್ ಕಾರ್ಡು ಮರೆತು ಬರುವವರು, ಬಂದು ಬೈಯುವವರು, ಬೈದು ಅಳುವವರು, ಎಲ್ಲರನ್ನೂ ನಗುನಗುತ್ತಾ ಕೂರಿಸಬೇಕು. ಶುಕ್ರವಾರ ಒಂದು ದಿನವಾದರೂ ಮಧ್ಯಾಹ್ನದವರೆಗೆ ಮಲಗೋಣವೆಂದರೆ, ೨೦೧೭ರ ಫೆಬ್ರವರಿ, ಮಾರ್ಚಿನಲ್ಲಿ ಅದಕ್ಕೂ ಕಲ್ಲು ಬಿತ್ತು.

ಕಾರಣ ಖತೀಜಮ್ಮ. ಅಬುಧಾಬಿಗೆ ನಾನು ಮದುವೆಯಾಗಿ ಬಂದಾಗಿನಿಂದ ನಮ್ಮ ಪಕ್ಕದ ಫ್ಲ್ಯಾಟಿನವರು. ಮಗಳು ಅಶ್ಮಿತಾ ಹುಟ್ಟಿದಾಗ ಊರಿಂದ ಅಮ್ಮನಿಗೆ ಬರಲಾಗಲಿಲ್ಲ. ನನ್ನ ಬಾಣಂತನ ಮಾಡಿದ್ದು, ನನಗೆ ಬೈದು ಬೈದು ಬಿಸಿ ಗಂಜಿ ಕುಡಿಸಿದ್ದು ಇದೇ ಖತೀಜಮ್ಮ. ಅವರ ಗಂಡ ಮಸೂದ್ ಸಾಹೇಬರಿಗೆ ಅಲ್ ಮೀನಾದಲ್ಲಿ ಕಾರ್ಪೆಟ್ ಅಂಗಡಿ ಇತ್ತು. ಹಿಂದಿನ ಜುಲೈಯಲ್ಲಿ ಅವರು ತೀರಿಕೊಂಡರು. ಅಂಗಡಿ ಬೇರೆಯವರ ಕೈಗೆ ಹೋಯಿತು. ಖತೀಜಮ್ಮನ ವೀಸಾವನ್ನು ಹೇಗೋ ಎಳೆದಾಡಿ ಏಪ್ರಿಲ್‌ವರೆಗೆ ತಂದಾಗಿತ್ತು. ಆಮೇಲೆ ಉಳ್ಳಾಲದಲ್ಲಿ ಮಗಳು ಜಸೀನಾಳ ಮನೆ.

ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಕೂತು ಇದ್ದತ್ ಮುಗಿಸಿದ ಖತೀಜಮ್ಮ, ಹೊರಗೆ ಕಾಲಿಟ್ಟು ಒಂದೆರಡು ತಿಂಗಳು ಆಗಿರಬೇಕು, ಒಂದು ಸಂಜೆ ನಮ್ಮ ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತರು.

"ಪ್ರಫುಲ್ಲಾ, ಊರಿಗೆ ಹೋಗುವ ಮೊದ್ಲು ನಂಗೊಂದು ಬಂಡೆ ಹತ್ಬೇಕು."

ನಾನು ಮೀನಿಗೆ ಮಸಾಲೆ ಹಚ್ಚುತ್ತಿದ್ದವಳು ಕೈ ನಿಲ್ಲಿಸಿದೆ. ಎರಡೂ ಮೊಣಕಾಲಿನ ಸಂದು ಸವೆದಿದೆ ಎಂದು ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸಿದ ಹೆಂಗಸು ಇವರು. ನಮ್ಮ ಬಿಲ್ಡಿಂಗಿನ ಲಿಫ್ಟು ಕೆಟ್ಟರೆ ಆ ದಿನ ಮನೆಯಿಂದ ಇಳಿಯುವುದಿಲ್ಲ.

"ಎಂತ ಬಂಡೆ ಖತೀಜಮ್ಮ? ನಿಮ್ಗೆ ತಲೆ ಸರಿ ಉಂಟಾ?"

"ಮಸಾಫಿ ಸಂತೆಗೆ ಹೋಗುವಾಗ ಸಿಕ್ತಿತ್ತಲ್ಲ, ಕೆಂಪು ಬಂಡೆ. ಅವ್ರಿಗೆ ಅದನ್ನು ಹತ್ಬೇಕು ಅಂತ ಭಾರಿ ಆಸೆ ಇತ್ತು. ಆಗ್ಲಿಲ್ಲ. ನಾನಾದ್ರೂ ಒಮ್ಮೆ ಹತ್ತಿ ಹೋಗ್ತೇನೆ."

ಮಸೂದ್ ಸಾಹೇಬರು ಪ್ರತಿ ಶುಕ್ರವಾರ ವ್ಯಾನಿನಲ್ಲಿ ಕಾರ್ಪೆಟ್ ತುಂಬಿಸಿಕೊಂಡು ಮಸಾಫಿಯ ರಸ್ತೆ ಬದಿಯ ಸಂತೆಗೆ ಹೋಗುತ್ತಿದ್ದರು. ಎಷ್ಟೋ ಸಲ ಖತೀಜಮ್ಮನೂ ಜೊತೆಗೆ ಕೂತು ಹೋಗಿದ್ದರು. ಇದೆಲ್ಲ ನನಗೆ ಗೊತ್ತಿತ್ತು. ಇಂಥ ಒಂದು ಆಸೆ ಆ ಮನುಷ್ಯನಿಗೆ ಇತ್ತೆಂದು ಗೊತ್ತಿರಲಿಲ್ಲ. ಬೇಡ ಎನ್ನಲು ಬಾಯಿ ತೆರೆದೆ. ಬಾಣಂತನದ ಗಂಜಿ ಕುಡಿದ ಬಾಯಲ್ಲವೇ, ಬೇಡ ಎಂದು ಬರಲಿಲ್ಲ.

ಮೊದಲು ನಾನು ಸುಲಭದಲ್ಲಿ ತಪ್ಪಿಸಿಕೊಳ್ಳಲು ನೋಡಿದೆ.

"ಜಬೆಲ್ ಹಫೀತಿಗೆ ಹೋಗುವಾ. ತುದಿವರೆಗೆ ರೋಡುಂಟು, ಮೇಲೆ ಚಾಯ ಸಿಗ್ತದೆ."

"ಅದು ಕಾರು ಹತ್ತಿದ್ದಾಗ್ತದೆ, ನಾನು ಹತ್ತಿದ್ದಲ್ಲ."

"ಹಾಗಾದ್ರೆ ಹಟ್ಟಾ ಡ್ಯಾಮ್? ನೀರು ಉಂಟು, ದೋಣಿ ಉಂಟು."

"ಕೆಂಪು ಉಂಟಾ?"

ಕೆಂಪು ಇಲ್ಲ. ಖಲಾಸ್, ಅದೂ ಹೋಯಿತು. ಇನ್ನು ಆ ಬಂಡೆ ಯಾವುದೆಂದು ಕೇಳಿದರೆ, "ಹೋಗುವಾಗ ಎಡಬದಿ. ಹತ್ರ ಒಂಟೆಗಳಿದ್ವು" ಎಂದರು. ಆ ದಾರಿಯಲ್ಲಿ ಸಿಗುವ ಮ್ಲೇಹಾದ ಆಚೀಚೆ ಎಡಬದಿಗೆ ಇರುವುದೆಲ್ಲ ಬಂಡೆಯೇ, ಎಲ್ಲವೂ ಕೆಂಪೇ. ಒಂಟೆಗಳ ಮಾತಂತೂ ಹೇಳುವುದೇ ಬೇಡ.

ರಾತ್ರಿ ಊಟವಾದ ಮೇಲೆ ಸೋಫಾದಲ್ಲಿ ಬಿದ್ದುಕೊಂಡು ಫೋನಿನಲ್ಲಿ ಚಾರಣದ ಜಾಗಗಳನ್ನು ಓದತೊಡಗಿದೆ. ಅಬ್ಬಬ್ಬಾ, ಏನು ಫೋಟೋಗಳು! ಸೂರ್ಯ ಮುಳುಗುವಾಗ ಬಂಡೆ ಹೊತ್ತಿ ಉರಿಯುವಂತೆ ಇದೆ, ಅದರ ತುದಿಯಲ್ಲಿ ಒಂದು ಹುಡುಗಿ ಕೈಚಾಚಿ ನಿಂತಿದ್ದಾಳೆ. ಬರೆದವರೆಲ್ಲ ಇಪ್ಪತ್ತೈದರ ಪ್ರಾಯದ, ಗಟ್ಟಿ ತೊಡೆಯ ಬಿಳಿಯರು. ಅವರು "ಸುಲಭ" ಎಂದರೆ ನಮಗೆ ಪ್ಲಾಸ್ಟರು, "ಮಧ್ಯಮ" ಎಂದರೆ ಆಂಬುಲೆನ್ಸು. ದೃಶ್ಯ ಚೆನ್ನಾಗಿದೆ ಎಂದು ಎಲ್ಲರೂ ಬರೆದಿದ್ದರು. ಅರುವತ್ತು ದಾಟಿದ ಹೆಂಗಸು ಕಾಲಿಡಲು ಜಾಗವಿದೆಯೋ ಎಂದು ಒಬ್ಬನೂ ಬರೆದಿರಲಿಲ್ಲ.

"ಅಮ್ಮಾ, ಇಟ್ಸ್ ಜಸ್ಟ್ ಅ ರಾಕ್," ಎಂದಳು ಅಶ್ಮಿತಾ. "ಯಾವುದಾದ್ರೂ ಒಂದು ಪಿಕ್ ಮಾಡು."

ಹೇಳುವುದು ಸುಲಭ. ನೋಡದೆ ಕರೆದುಕೊಂಡು ಹೋಗಿ ಮೇಲೆ ಹತ್ತಿಸಿ, ಇಳಿಸಲಾಗದೆ ಕೂತರೆ? ಆದ್ದರಿಂದ ಎರಡು ಶುಕ್ರವಾರ ನಾನೇ ಹೋಗಿ ನೋಡಿದೆ. ಗಂಡ ರಂಜಿತ್ ಕಾರು ಓಡಿಸಿದರು. ರೀಮ್ ಐಲ್ಯಾಂಡಿನ ಆಫೀಸಿನಲ್ಲಿ ವಾರವಿಡೀ ಕಂಪ್ಯೂಟರು ನೋಡಿ ಅವರ ಕಣ್ಣೂ ಕೆಂಪಾಗಿರುತ್ತಿತ್ತು. ಹೋಗುವ ಎರಡು ಗಂಟೆ ನಾವಾಡಿದ ಮಾತು ಪೆಟ್ರೋಲು, ಅಶ್ಮಿತಾಳ ಟ್ಯೂಷನ್, ಮನೆ ಬಾಡಿಗೆಯ ಚೆಕ್ಕು. ಬಂಡೆ ಬಂದ ಮೇಲೆ, "ನೀನು ನೋಡ್ಕೊಂಡು ಬಾ, ನಾನು ಇಲ್ಲೇ ಇರ್ತೇನೆ" ಎಂದು ಸೀಟು ಹಿಂದಕ್ಕೆ ಮಾಡಿ, ಏಸಿ ಹಾಕಿಕೊಂಡು ಕಣ್ಣು ಮುಚ್ಚಿದರು. ಸಿಟ್ಟು ಬಂತು. ಆದರೆ ಅವರ ಜಾಗದಲ್ಲಿ ನಾನಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಮೊದಲ ಶುಕ್ರವಾರ ನೋಡಿದ್ದು ದೊಡ್ಡ ಬಂಡೆ. ಸಾಹೇಬರ ಬಂಡೆ ಅದೇ ಇರಬೇಕು ಎಂದು ನೋಡಿದ ಕೂಡಲೇ ಅನಿಸಿತು. ಕೆಂಪು ಮರಳಿನ ನಡುವೆ ಒಂದೇ ಒಂದು ಎದ್ದು ನಿಂತಿತ್ತು. ಅರ್ಧಕ್ಕೆ ಹೋಗುವಷ್ಟರಲ್ಲಿ ನಾನು ನಾಲ್ಕು ಕಾಲಿನ ಪ್ರಾಣಿಯಾಗಿದ್ದೆ. ಹಿಡಿದ ಕಲ್ಲು ಕೈಗೇ ಕಿತ್ತು ಬರುತ್ತಿತ್ತು. ಇಳಿಯುವಾಗ ಕಾಲು ಉಳುಕಿ, ಮರುದಿನ ಕ್ಲಿನಿಕ್ಕಿನಲ್ಲಿ ಕುಂಟುತ್ತಾ ನಗಬೇಕಾಯಿತು.

ಎರಡನೆಯ ಸಲ, ಅದರ ತೆಂಕು ಬದಿಗೆ ಒಂದು ಸಣ್ಣದು ಸಿಕ್ಕಿತು. ಒಂದು ಕಡೆ ಗೋಡೆಯಂತೆ ಕಡಿದು, ಇನ್ನೊಂದು ಕಡೆ ಅಗಲಗಲ ಮೆಟ್ಟಿಲಿನಂತೆ ಇಳಿಜಾರು. ಕಲ್ಲು ಗಟ್ಟಿ. ನಾನು ಮೇಲೆ ಕೂತು ಏದುಸಿರು ಬಿಡುತ್ತಾ, ಇದೇ ಆಯಿತು ಎಂದು ತೀರ್ಮಾನಿಸಿದೆ. ಮನೆಗೆ ಬಂದು ಖತೀಜಮ್ಮನ ಬೆಲ್ಲು ಒತ್ತಿ, "ಸಾಹೇಬರ ಬಂಡೆ ಸಿಕ್ಕಿತು" ಎಂದೆ. ಹಸಿ ಸುಳ್ಳು. ಹೇಳುವಾಗ ನಾಲಿಗೆ ತಡವರಿಸಲೂ ಇಲ್ಲ, ಅಷ್ಟು ಸುಸ್ತಾಗಿತ್ತು. ಆ ಹೆಂಗಸಿನ ಮುಖ ಅರಳಿದ್ದು ನೋಡಿ ಮಾತ್ರ ಅಲ್ಲಿ ನಿಲ್ಲಲಾಗದೆ ಬೇಗ ನಮ್ಮ ಮನೆಯೊಳಗೆ ನುಗ್ಗಿದೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ನಾವು ಮೂವರೇ ಹೋಗಿ ಬರುತ್ತಿದ್ದೆವು. ಆದರೆ ಬಂಡೆಯ ಬುಡದವರೆಗೆ ಮರಳು, ನಮ್ಮ ಕಾರು ಹೋಗುವುದಿಲ್ಲ. ಮರಳಿನಲ್ಲಿ ನಡೆಸಿದರೆ ಖತೀಜಮ್ಮನ ಕಾಲು ಅಲ್ಲೇ ಮುಗಿಯುತ್ತದೆ. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ ನಾನು ಇಲ್ಲಿನ ಕರಾವಳಿಯವರ ಸಂಘವಾದ ಪಡುಗಡಲ ಬಳಗದ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ: ಖತೀಜಮ್ಮ ಊರಿಗೆ ಹೋಗುತ್ತಿದ್ದಾರೆ, ಒಂದು ಶುಕ್ರವಾರ ಮರಳಿನಲ್ಲಿ ಓಡುವ ಗಾಡಿ ಯಾರದ್ದಾದರೂ ಸಿಗಬಹುದೇ?

ಅರ್ಧ ಗಂಟೆಯಲ್ಲಿ ಬಳಗದ ಅಧ್ಯಕ್ಷ ಸುಮಿತ್ ಫೋನ್ ಮಾಡಿದ.

"ಪ್ರಫುಲ್ಲಕ್ಕಾ, ಎಂತ ನೀವು ಇಷ್ಟು ಲೇಟಾಗಿ ಹೇಳುದು? ಖತೀಜಮ್ಮನಂಥ ಹಿರಿಯರು ಹೊರಟು ಹೋಗುವಾಗ ಬಳಗ ಸುಮ್ನೆ ಕೂತ್ಕೊಳ್ಳುದಾ?"

"ಸುಮಿತ್, ಗಾಡಿ ಒಂದು ಸಾಕು."

"ಗಾಡಿ ಎಲ್ಲ ನನ್ಗೆ ಬಿಡಿ. ನೀವು ಜಾಗ ಮಾತ್ರ ತೋರಿಸಿ."

ನಮ್ಮ ಕರಾವಳಿಯವರಿಗೆ ಒಂದು ರೋಗವಿದೆ. ನಾಲ್ಕು ಜನ ಸೇರಿದರೆ ಬ್ಯಾನರ್ ಬೇಕು, ಐದನೆಯವನು ಬಂದರೆ ಸನ್ಮಾನ ಆಗಬೇಕು. ಮರುಭೂಮಿಯಾದರೇನು, ಚಂದ್ರಲೋಕವಾದರೇನು, ಮೊದಲು ಮೈಕು ಇಳಿಸುವ ಜನ. ಗೊತ್ತಿದ್ದೂ ಗುಂಪಿನಲ್ಲಿ ಕೇಳಿದೆನಲ್ಲ, ಯಾರಿಗೆ ಬೈಯಲಿ?

ಮಾರ್ಚಿನ ಕೊನೆಯ ಶುಕ್ರವಾರ ಬೆಳಿಗ್ಗೆ ಬಳಗದ ಒಂದು ಗಾಡಿಯಲ್ಲಿ ಮರಳು ದಾಟಿ ನಾವು ತಲುಪಿದಾಗ, ನಾನು ಅಷ್ಟು ಕಷ್ಟಪಟ್ಟು ಹುಡುಕಿದ ಬಂಡೆಯ ಬುಡದಲ್ಲಿ ಮದುವೆಮನೆ ಎದ್ದಿತ್ತು. ಎರಡು ದೊಡ್ಡ ಗಾಡಿಗಳ ನಡುವೆ ಬ್ಯಾನರು, ಅದರಲ್ಲಿ ಖತೀಜಮ್ಮನ ಪಾಸ್‌ಪೋರ್ಟಿನ ಫೋಟೋ. ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಬ್ಯಾಟರಿಯ ಸ್ಪೀಕರು. ಕೋಳಿ ಸುಕ್ಕ, ಅಕ್ಕಿ ಪುಂಡಿಯ ದೊಡ್ಡ ದೊಡ್ಡ ಪಾತ್ರೆ. ನಡುವೆ, ದೇವರೇ, ಒಂದು ಕಾಲುದೀಪ!

ಖತೀಜಮ್ಮ ಕರಿ ಬುರ್ಖಾದ ಕೆಳಗೆ ಹೊಸ ಬಿಳಿ ಸ್ಪೋರ್ಟ್ಸ್ ಶೂ ಹಾಕಿಕೊಂಡು ಬಂದಿದ್ದರು. ಬ್ಯಾನರು ನೋಡಲಿಲ್ಲ, ಜನರನ್ನೂ ನೋಡಲಿಲ್ಲ, ತಲೆ ಎತ್ತಿ ಬಂಡೆ ನೋಡಿದರು.

"ಹತ್ತುವಾ?" ಎಂದರು.

"ಒಂದೈದು ನಿಮಿಷ ಖತೀಜಮ್ಮ, ಸಣ್ಣ ಕಾರ್ಯಕ್ರಮ ಉಂಟು," ಎಂದ ಸುಮಿತ್, ಅವರನ್ನು ಕೈಹಿಡಿದು ಕರೆದೊಯ್ದು ನಡುವಿನ ಕುರ್ಚಿಯಲ್ಲಿ ಕೂರಿಸಿದ.

ಆ ದೀಪ ಹತ್ತಲೇ ಇಲ್ಲ. ಗಾಳಿ ಎಂದರೆ ಗಾಳಿ. ಬಳಗದ ಗಂಡಸರು ಸುತ್ತ ನಿಂತು ಅಂಗೈ ಒಡ್ಡಿದರು, ಬ್ಯಾನರು ಬಿಚ್ಚಿ ತಂದು ಅಡ್ಡ ಹಿಡಿದರು. ಬತ್ತಿ ಒಮ್ಮೆ ಹೊಗೆ ಬಿಟ್ಟು ಸುಮ್ಮನಾಯಿತು. ಕೊನೆಗೆ "ದೀಪ ಬೆಳಗಿದೆ ಎಂದು ಭಾವಿಸೋಣ" ಎಂದು ಮೈಕಿನಲ್ಲಿ ಹೇಳಿ ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಾರ್ಥನೆಯಾಯಿತು. ಸ್ವಾಗತವಾಯಿತು. ಪ್ರಾಸ್ತಾವಿಕ ಎಂದು ಸುಮಿತ್ ಬಳಗ ಹುಟ್ಟಿದ ಕತೆ ಶುರು ಮಾಡಿದ. ಮಾಜಿ ಅಧ್ಯಕ್ಷರೊಬ್ಬರು ಎರಡು ಮಾತಿಗೆಂದು ಎದ್ದು ಇಪ್ಪತ್ತು ವರ್ಷ ಹಿಂದಕ್ಕೆ ಹೋದರು. ಶಾಲು, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯೊಳಗೆ ಚಿನ್ನದ ಬಣ್ಣದ ಒಂಟೆ. ಪ್ರತಿ ಭಾಷಣ ಮುಗಿದಾಗ ಖತೀಜಮ್ಮ ಕುರ್ಚಿಯ ಕೈ ಹಿಡಿದು ಏಳಲು ಹೊರಡುವುದು, ಇನ್ನೊಬ್ಬ ಮೈಕ್ ಹಿಡಿಯುವುದು, ಅವರು ಮತ್ತೆ ಕೂರುವುದು. ಬೆಳಗಿನ ತಂಪೆಲ್ಲ ಹೋಗಿ ಸೂರ್ಯ ನೆತ್ತಿಯ ಹತ್ತಿರ ಬಂದ.

ಕೊನೆಗೆ ಅವರ ಕೈಗೇ ಮೈಕು ಕೊಟ್ಟರು.

"ನಾನು ಬಂದದ್ದು ಬಂಡೆ ಹತ್ಲಿಕ್ಕೆ," ಎಂದರು ಖತೀಜಮ್ಮ. ಜನ ಇದೊಂದು ತಮಾಷೆಯೆಂದುಕೊಂಡು ಜೋರಾಗಿ ಚಪ್ಪಾಳೆ ತಟ್ಟಿದರು.

"ಈಗ ಬಿಸಿಲು ಏರಿತಲ್ಲ," ಸುಮಿತ್ ಮೈಕು ತೆಗೆದುಕೊಂಡ. "ಮೊದ್ಲು ಊಟ ಮಾಡುವಾ, ಹತ್ತುದು ಮತ್ತೆ ನೋಡುವಾ."

ಖತೀಜಮ್ಮ ಹೂಂ ಎಂದರು. ತೊಡೆಯ ಮೇಲಿನ ಹಣ್ಣಿನ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಆಯ್ತು ಬಿಡು ಪ್ರಫುಲ್ಲಾ, ಇಷ್ಟು ಜನ ಬಂದಿದ್ದಾರೆ, ಅದೇ ದೊಡ್ಡದು" ಎಂದರು. ನನಗೆ ತಡೆಯಲಾಗಲಿಲ್ಲ.

"ಸುಮಿತ್, ಆ ಮೈಕು ಒಮ್ಮೆ ಆಫ್ ಮಾಡು ಮಾರಾಯಾ!" ನನ್ನ ಸ್ವರ ಸ್ಪೀಕರಿಲ್ಲದೆಯೇ ಎಲ್ಲರಿಗೂ ಕೇಳಿತು. "ಶಾಲು ಕೇಳಿದ್ರಾ ಅವ್ರು? ಒಂಟೆ ಕೇಳಿದ್ರಾ? ಕೇಳಿದ್ದು ಒಂದು ಬಂಡೆ. ಅದನ್ನೊಂದು ಬಿಟ್ಟು ಎಲ್ಲ ಕೊಟ್ರಿ ನೀವು!"

ಸುಮಿತನ ಮುಖ ಸಣ್ಣದಾಯಿತು. ಕೆಟ್ಟವನಲ್ಲ ಅವನು, ಪಾಪ, ಬೆಳಗ್ಗಿನ ಜಾವವೇ ಎದ್ದು ಕುರ್ಚಿ ಹೊತ್ತಿದ್ದ. ನಾನು ಬುಟ್ಟಿ ಕಿತ್ತು ಕೆಳಗಿಟ್ಟು ಖತೀಜಮ್ಮನನ್ನು ಎಬ್ಬಿಸಿದೆ. ರಂಜಿತ್ ಹಿಂದಿನಿಂದ ಬಂದು, "ಪ್ರಫುಲ್ಲಾ, ಬೇಡ. ಬಿದ್ರೆ ಯಾರು ಗತಿ?" ಎಂದರು. "ಬಿದ್ರೆ ನೀವು ಉಂಟಲ್ಲ ಕೆಳಗೆ" ಎಂದು ಉತ್ತರ ಕೊಟ್ಟು ತಿರುಗಿಯೂ ನೋಡದೆ ಹೊರಟೆ.

ಮೊದಲ ಐದಾರು ಮೆಟ್ಟಿಲು ಖತೀಜಮ್ಮ ನನ್ನ ಹೆಗಲು ಹಿಡಿದು ಹತ್ತಿದರು. ಹತ್ತುವುದೆಂದರೆ, ಒಂದು ಕಾಲು ಎತ್ತಿಡುವುದು, ಹಲ್ಲು ಕಚ್ಚಿ ಇನ್ನೊಂದನ್ನು ಎಳೆದುಕೊಳ್ಳುವುದು. ಅವರ ಭಾರವೆಲ್ಲ ನನ್ನ ಮೇಲೆ, ನನ್ನ ಉಳುಕಿದ ಕಾಲು ಮತ್ತೆ ನೋಯತೊಡಗಿತು. ಕಾಲಂಶ ದಾರಿಯೂ ಆಗಿರಲಿಲ್ಲ, ಅವರು ಕಲ್ಲಿನ ಮೇಲೆ ದೊಪ್ಪನೆ ಕೂತರು. ಮುಖ ಬೂದಿಯಂತಾಗಿತ್ತು.

"ಆಗುದಿಲ್ಲ ಮಗಾ. ಖಲಾಸ್."

ನಿಜ ಹೇಳಲೇ? ನನಗೆ ಸಮಾಧಾನವಾಯಿತು. ಪ್ರಯತ್ನ ಮಾಡಿಯಾಯಿತು, ಇನ್ನು ಇಳಿಯಬಹುದು, ಮನೆಗೆ ಹೋಗಿ ಮಲಗಬಹುದು. ನಾನೂ ಅವರ ಕಾಲ ಬುಡದಲ್ಲಿ ಕೂತೆ. ಕೆಳಗಿಂದ ಸುಕ್ಕದ ಪರಿಮಳ ಬರುತ್ತಿತ್ತು.

ಕೂತ ಜಾಗದಲ್ಲಿ ಕಲ್ಲು ಚುಚ್ಚಿತೋ ಏನೋ, ಖತೀಜಮ್ಮ ಎರಡೂ ಅಂಗೈ ಹಿಂದಕ್ಕೆ ಊರಿ, ಮೈಯನ್ನು ಎತ್ತಿ, ಹಿಂದಿನ ಮೆಟ್ಟಿಲಿನ ಮೇಲೆ ಸರಿದು ಕೂತರು. ಕೂತು ನನ್ನನ್ನು ನೋಡಿದರು. ಮತ್ತೊಮ್ಮೆ ಅಂಗೈ ಊರಿದರು. ಇನ್ನೊಂದು ಮೆಟ್ಟಿಲು.

"ಹೀಗೆ ಆಗ್ತದೆ ಪ್ರಫುಲ್ಲಾ!"

"ಅಯ್ಯೋ, ಬೆನ್ನು ಹಾಕಿ ಹತ್ತುದಾ?"

"ಬೆನ್ನೋ ಮುಖವೋ, ಬಂಡೆಗೆ ಎಂತ ಗೊತ್ತಾಗ್ತದೆ?"

ಹಾಗೆ ಹೊರಟೆವು. ಅವರು ಕುಂಡೆಯ ಮೇಲೆ ಕೂತು ಹಿಂದುಹಿಂದಕ್ಕೆ, ನಾನು ಕೆಳಗಿನ ಮೆಟ್ಟಿಲಲ್ಲಿ ಮಂಡಿಯೂರಿ ಅವರ ಬಿಳಿ ಶೂಗಳಿಗೆ ನನ್ನ ಎರಡು ಕೈ ಅಡ್ಡ ಕೊಟ್ಟು. ಕಲ್ಲು ಕಾದಿತ್ತು, ಅಂಗೈ ಸುಡುತ್ತಿತ್ತು. ಶಾಲು ಇನ್ನೂ ಅವರ ಹೆಗಲಲ್ಲೇ ಇತ್ತು. ಅದನ್ನು ತೆಗೆದು ಮಡಚಿ ಕೆಳಗೆ ಹಾಕಿ ಅದರ ಮೇಲೆಯೇ ಕೂತು ಸರಿದರು. ಕೆಳಗೆ ಜನ ಊಟದ ತಟ್ಟೆ ಹಿಡಿದುಕೊಂಡೇ ಎದ್ದು ನಿಂತಿದ್ದರು. "ಸ್ವಲ್ಪ ಬಲಕ್ಕೆ ಖತೀಜಮ್ಮಾ!" "ಅಲ್ಲ, ಎಡಕ್ಕೆ!" ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಪ್ರತಿ ಮೆಟ್ಟಿಲಿಗೂ ಖತೀಜಮ್ಮ "ಯಾ ಅಲ್ಲಾ" ಎನ್ನುತ್ತಿದ್ದರು, ನಾನು ಬಾಯಿಗೆ ಬಂದದ್ದನ್ನೆಲ್ಲ ಬೈದುಕೊಳ್ಳುತ್ತಿದ್ದೆ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಒಮ್ಮೆ ಅವರು ಅಂಗೈ ಹಿಂದಕ್ಕಿಟ್ಟು ತಡಕಾಡಿದರು, ಅಲ್ಲಿ ಮೆಟ್ಟಿಲೇ ಇರಲಿಲ್ಲ.

"ಎಂತ, ಮುಗೀತಾ?"

"ಮುಗೀತು ಖತೀಜಮ್ಮ. ಇದೇ ತುದಿ."

ಮೇಲೆ ಒಂದು ಚಾಪೆಯಷ್ಟು ಸಪಾಟು ಜಾಗ. ಇಬ್ಬರೂ ಕಾಲು ಚಾಚಿ ಕೂತೆವು. ಬುರ್ಖಾ ಪೂರ್ತಿ ಕೆಂಪು ಹುಡಿಯಾಗಿತ್ತು. ಬಾಟಲಿಯ ಅರ್ಧ ನೀರು ಅವರು ಕುಡಿದು ಅರ್ಧ ನನಗೆ ಕೊಟ್ಟರು. ಸುತ್ತ ಕೆಂಪು ಮರಳು, ದೂರದಲ್ಲಿ ಬೆಟ್ಟಸಾಲು, ಬಡಗು ಬದಿಗೆ ಆ ದೊಡ್ಡ ಬಂಡೆ. ಅವರು ಅದನ್ನೇ ನೋಡುತ್ತಿದ್ದರು.

"ಪ್ರಫುಲ್ಲಾ, ಅವ್ರು ಹೇಳ್ತಿದ್ದ ಬಂಡೆ ಇದಲ್ಲ, ಅಲ್ವಾ?"

ಇನ್ನೊಂದು ಸುಳ್ಳು ಹೇಳಲು ನನ್ನಲ್ಲಿ ತ್ರಾಣ ಉಳಿದಿರಲಿಲ್ಲ. "ಅಲ್ಲ. ಅದು ನಿಮ್ಮಿಂದ ಆಗ್ಲಿಕ್ಕಿಲ್ಲ ಅಂತ..."

"ಗಾಡಿ ಇಳಿದಾಗಲೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳ್ಳಿಲ್ಲ?"

"ಹೇಳಿ ಎಂತ ಮಾಡುದು? ಕುಂಟಿಕೊಂಡು ಹುಡುಕಿದವಳು ನೀನು." ಅವರು ಮುಖ ಒರೆಸಿಕೊಂಡರು. "ಅವ್ರಿಗೂ ಬಂಡೆ ಎಂತದೂ ದೊಡ್ಡದಲ್ಲ ಮಾರಾಯ್ತಿ. ಆರು ದಿನ ಅಂಗಡಿ, ಏಳನೇ ದಿನ ಸಂತೆ. 'ಗಾಡಿ ನಿಲ್ಲಿಸುವಾ ಖತೀಜಾ, ಎಲ್ಲಿಯಾದ್ರೂ ಮೇಲೆ ಹೋಗಿ ನಾವಿಬ್ರೇ ಸ್ವಲ್ಪ ಕೂತ್ಕೊಳ್ಳುವಾ' ಅಂತಿದ್ರು. ಅಷ್ಟೇ ಬೇಕಿದ್ದದ್ದು ಅವ್ರಿಗೆ."

ಒಮ್ಮೆಲೇ ಅವರ ದುಃಖ ಕಟ್ಟೆಯೊಡೆಯಿತು.

"ಇಷ್ಟೇ ಹೊತ್ತು ಸಾಕಿತ್ತು ಪ್ರಫುಲ್ಲಾ. ಈಗ ನಾನು ನೀನು ಕೂತೆವಲ್ಲ, ಇಷ್ಟೇ. ಮೂವತ್ತು ವರ್ಷದಲ್ಲಿ ಇಷ್ಟು ಹೊತ್ತು ನಮ್ಗೆ ಸಿಗ್ಲಿಲ್ಲ."

ಸಾಹೇಬರ ಮಯ್ಯತ್ತು ಎತ್ತಿದ ದಿನವೂ ಕಣ್ಣೊರೆಸಿಕೊಂಡು, ಬಂದವರಿಗೆ ಚಾಯ ಮಾಡಿಸಿದ ಹೆಂಗಸು, ಆ ಬಂಡೆಯ ಮೇಲೆ ಮಗುವಿನಂತೆ ಅತ್ತರು. ನಾನು ಅವರ ಬೆನ್ನ ಮೇಲೆ ಕೈಯಿಟ್ಟು ಕೂತೆ.

ಕೆಳಗೆ ಜನ ಮತ್ತೆ ಊಟಕ್ಕೆ ಕೂತಿದ್ದರು. ರಂಜಿತ್ ಒಬ್ಬರೇ ಬಂಡೆಯ ಬುಡಕ್ಕೆ ಕುರ್ಚಿ ಎಳೆದುಕೊಂಡು, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು, ಹುಬ್ಬಿಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದರು. ತಟ್ಟೆ ಮುಟ್ಟಿದ ಹಾಗೆ ಕಾಣಲಿಲ್ಲ. ತಲೆ ಕೂದಲು ನಡುವಿನಲ್ಲಿ ಅಷ್ಟು ತೆಳ್ಳಗಾದದ್ದು ನನಗೆ ಗೊತ್ತೇ ಇರಲಿಲ್ಲ. ನಾವಿಬ್ಬರೂ ಕೆಲಸವಿಲ್ಲದೆ, ಅಶ್ಮಿತಾ ಇಲ್ಲದೆ, ಟೀವಿ ಇಲ್ಲದೆ ಸುಮ್ಮನೆ ಒಂದು ಕಡೆ ಕೂತದ್ದು ಯಾವಾಗ ಎಂದು ಎಷ್ಟು ನೆನೆದರೂ ನೆನಪಾಗಲಿಲ್ಲ. ಹೆದರಿಕೆಯಾಯಿತು. ಫೋನ್ ತೆಗೆದೆ.

"ಎಂತಾಯ್ತು? ಬಿದ್ರಾ?" ತಟ್ಟೆ ಹಿಡಿದುಕೊಂಡೇ ಅವರು ಎದ್ದು ನಿಂತರು.

"ಯಾರೂ ಬೀಳ್ಳಿಲ್ಲ. ನೀವು ಮೇಲೆ ಬನ್ನಿ."

"ನಾನಾ? ನಂಗೆ ಎಂತ ಕೆಲಸ ಅಲ್ಲಿ?"

"ಕೆಲಸ ಎಂತದೂ ಇಲ್ಲ. ಅದಕ್ಕೇ ಬನ್ನಿ."

ಅವರು ಫೋನ್ ಕಿವಿಯಲ್ಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ಮೇಲೆ ನೋಡಿದರು. "ನೀರು ತರ್ಬೇಕಾ?" ಎಂದರು.

"ಬೇಡ. ಬರೀ ನೀವು ಬನ್ನಿ."

ರಂಜಿತ್ ತಟ್ಟೆಯನ್ನು ಕುರ್ಚಿಯ ಮೇಲಿಟ್ಟರು, ಪ್ಯಾಂಟಿನ ಕಾಲು ಮಡಚಿದರು, ಆಫೀಸಿನ ಶೂವಿನಲ್ಲೇ ಜಾರುತ್ತಾ ಮೊದಲ ಮೆಟ್ಟಿಲಿಗೆ ಕಾಲಿಟ್ಟರು. ಖತೀಜಮ್ಮ ಅದ್ಯಾವಾಗ ಅಳು ನಿಲ್ಲಿಸಿದ್ದರೋ, ನನ್ನ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಆಚೆ ಸರಿಯುತ್ತಿದ್ದರು.

"ಬರ್ಲಿ ಅವ್ನು," ಎಂದರು. "ನಾನು ಆ ಕಡೆ ತಿರುಗಿ ಕೂತ್ಕೊಳ್ತೇನೆ."